ಹಸಿರು ಹಾಸಿನ ಕಾವಲಿಗೆ ಬಂದ ಅಂಟುಹಲಗೆ

ನಾನು ಒಂದು ಅಂಟುಹಲಗೆ. ಹಲಗೆ ಎನ್ನುವುದು ಮರ್ಯಾದೆಯ ಮಾತು, ನಿಜಕ್ಕೆ ನಾನು ಬರೀ ರಟ್ಟು. ಯಾವುದೋ ಊರಾಚೆಯ ಶೆಡ್ಡಿನಲ್ಲಿ ನನ್ನನ್ನು ಕತ್ತರಿಸಿ, ನಡುವೆ ಮಡಚಿ, ಒಳಮೈಗೆ ಬಿಸಿ ಅಂಟು ಸುರಿದರು. ಅದು ತಣ್ಣಗಾಯಿತೇ ಹೊರತು ಒಣಗಲಿಲ್ಲ. ಒಣಗಬಾರದೆಂದೇ ಮಾಡಿದ ಅಂಟು ಅದು. ಮುಚ್ಚಿದರೆ ಮಕ್ಕಳ ಪುಸ್ತಕದ ಹಾಗೆ ಕಾಣುತ್ತೇನೆ. ಮೇಲೆ ಒಂದು ಇಲಿಯ ಚಿತ್ರವಿದೆ, ಅದು ನಗುತ್ತಿದೆ. ಬರೆದವನು ನನ್ನ ಮೇಲೆ ಬಿದ್ದ ಇಲಿಯನ್ನು ಎಂದೂ ನೋಡಿರಲಾರ.

ನನಗೆ ಇನ್ನೂ ಒಂದು ವರ್ಷ ತುಂಬಿಲ್ಲ. ಆದರೂ ಸಾಕಾಗಿಹೋಗಿದೆ.

ನನ್ನನ್ನೂ ನನ್ನ ಜೋಡಿಯನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಳಕಲ್ಲಿನ ಒಂದು ಕಿರಾಣಿ ಅಂಗಡಿಗೆ ಕಳಿಸಿದರು. ಊದಿನಕಡ್ಡಿಗೂ ಬಟ್ಟೆ ಸೋಪಿಗೂ ನಡುವೆ ಏಳು ತಿಂಗಳು ಕೂತಿದ್ದೆವು. ಅಂಗಡಿಯ ಕಾಳಪ್ಪ ನಮ್ಮನ್ನು ಮರೆತೇಬಿಟ್ಟಿದ್ದ. ಹಾಗೇ ಮರೆತೇ ಇದ್ದಿದ್ದರೆ ಚೆನ್ನಾಗಿತ್ತು.

ಒಂದು ಬೆಳಿಗ್ಗೆ ನೇಕಾರರ ಓಣಿಯ ನೀಲಗಂಗವ್ವ ಬಂದಳು. ಮೂವತ್ತು ವರ್ಷ ಊರಿಗೆಲ್ಲ ಸೀರೆ ನೇಯ್ದ ಹೆಂಗಸು ಈಗ ಮೊದಲ ಸಲ ತನ್ನ ಮಗಳಿಗೆ ನೇಯುತ್ತಿದ್ದಳು. ಮಗಳು ದಾಕ್ಷಾಯಣಿ ಏಳು ತಿಂಗಳ ಬಸುರಿ. ಇನ್ನು ಹತ್ತು ದಿನಕ್ಕೆ ಕುಬಸ, ಅಂದರೆ ಸೀಮಂತ. ಅಂದು ತವರಿನ ಹಸಿರು ಸೀರೆ ಉಡಿಸಿ ಉಡಿ ತುಂಬಬೇಕು. ಆ ಸೀರೆಯ ಹಸಿರು ಹಾಸಿನ ಉದ್ದೆಳೆಗಳಿಗೆ ಹಚ್ಚಿದ ಅಕ್ಕಿಗಂಜಿಯ ವಾಸನೆಗೆ ಇಲಿಗಳು ಬಂದು, ಮಗ್ಗದ ಮೇಲೆಯೇ ನಲವತ್ತು ಎಳೆ ಕಡಿದಿದ್ದವು. ಒಂದೊಂದನ್ನೂ ಕಣ್ಣು ಕಿರಿದು ಮಾಡಿ ಗಂಟುಹಾಕಿ ಅವಳು ಸೋತಿದ್ದಳು.

"ಪಾಷಾಣ ಕೊಡ್ಲೇನ್ರೀ ಯಕ್ಕಾ?" ಎಂದ ಕಾಳಪ್ಪ.

"ಬ್ಯಾಡಪಾ. ಮನ್ಯಾಗ ಬಸುರಿ ಮಗಳದಾಳ. ಜೀವ ತಗೀಬಾರದು."

"ಹಂಗಾದ್ರ ಇದನ್ನ ಒಯ್ಯಿರಿ. ಇದು ಕೊಲ್ಲಂಗಿಲ್ಲ, ಬರೇ ಹಿಡಕೊಂಡು ಕುಂದ್ರತೈತಿ."

ಕಾಳಪ್ಪ ಸುಳ್ಳು ಹೇಳಲಿಲ್ಲ. ಪೂರ್ತಿ ನಿಜವನ್ನೂ ಹೇಳಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಬಂದವಳಿಗೆ ನಾವು ಸರಿಯಾಗಿ ಸಿಕ್ಕೆವು.

ಮೊದಲು ನನ್ನ ಜೋಡಿಯನ್ನು ಬಿಚ್ಚಿ, ನಡುವೆ ಒಣಕೊಬ್ಬರಿಯ ಚೂರಿಟ್ಟು, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದ ಪಕ್ಕಕ್ಕೆ ಇಟ್ಟಳು. ಬೆಳಗಾಗುವಷ್ಟರಲ್ಲಿ ಅದು ಮೂರು ಇಲಿ ಹಿಡಿದಿತ್ತು. ನಮ್ಮ ಕೆಲಸದಲ್ಲಿ ಹುಳುಕು ತೆಗೆಯುವಂತಿಲ್ಲ. ಆ ರಾತ್ರಿ ಒಂದು ಎಳೆಯೂ ಹರಿದಿರಲಿಲ್ಲ. ನೀಲಗಂಗವ್ವ ಹಾಸನ್ನು ಸವರಿ ನೋಡಿ ನಕ್ಕಳು. ಆಮೇಲೆ ಕೆಳಗೆ ನೋಡಿದಳು. ಮೂರೂ ಜೀವಂತ ಇದ್ದವು. ಮುಖ ತಿರುಗಿಸಿಕೊಂಡು ಜೋಡಿಯನ್ನು ಪುಸ್ತಕದ ಹಾಗೆ ಮಡಚಿ, ಓಣಿಯ ತುದಿಯ ತಿಪ್ಪೆಗೆ ಹಾಕಿ ಬಂದಳು.

"ನಾವೇನ್ ಕೊಂದಿಲ್ಲವ್ವಾ," ಎಂದು ಮಗಳಿಗೆ ಹೇಳುತ್ತ ಕೈ ತೊಳೆದಳು. ಎರಡು ಸಲ ತೊಳೆದಳು.

ಮರುದಿನ ನನ್ನ ಸರದಿ. ಮಧ್ಯಾಹ್ನ ಊಟಕ್ಕೆ ಮಗ್ಗ ನಿಂತಾಗ ಗೋಡೆಯ ಬಿಲದಿಂದ ಒಂದು ದೊಡ್ಡ ಇಲಿ ಬಂತು. ಮುಂಗಾಲು ಇಟ್ಟಿತು. ಅದನ್ನು ಕಿತ್ತುಕೊಳ್ಳಲು ಹಿಂಗಾಲು ಊರಿತು. ಆಮೇಲೆ ಹೊಟ್ಟೆ. ನನಗೆ ಹಲ್ಲಿಲ್ಲ, ಸ್ಪ್ರಿಂಗಿಲ್ಲ, ಸಿಟ್ಟೂ ಇಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಬೆಕ್ಕಿಗೆ ಅಷ್ಟಾದರೂ ಖುಷಿಯಿದೆ, ನನಗೆ ಅದೂ ಇಲ್ಲ. ಅದರ ಎದೆ ನನ್ನ ಮೈಮೇಲೆ ಹೊಡೆದುಕೊಳ್ಳುತ್ತಿತ್ತು. ಅದು ಕೂಗಿತು. ಕೂಗಿ ಸಾಕಾಗಿ, ತನ್ನ ಕಾಲನ್ನೇ ಕಚ್ಚತೊಡಗಿತು.

ಒಳಗೆ ಮಲಗಿದ್ದ ದಾಕ್ಷಾಯಣಿ ಎದ್ದು ಬಂದಳು. ನೋಡಿದವಳೇ ಅಡುಗೆಮನೆಯಿಂದ ಶೇಂಗಾ ಎಣ್ಣೆಯ ಡಬ್ಬಿ ತಂದಳು. ನನ್ನನ್ನು ಹಿತ್ತಲಿಗೆ ಒಯ್ದು, ಕಷ್ಟಪಟ್ಟು ಕೆಳಗೆ ಕೂತು, ಇಲಿಯ ಸುತ್ತ ಎಣ್ಣೆ ಸುರಿದಳು. ಅಂಟು ಸ್ವಲ್ಪ ಸಡಿಲಾಯಿತು. ನಾನೂ ಬಿಡಬೇಕೆಂದು ಬಯಸಿದೆ, ನಂಬುವವರು ನಂಬಲಿ. ಆದರೆ ಬಿಟ್ಟುಕೊಟ್ಟ ಕಾಲು ಮುರಿದಿತ್ತು. ಹೊಟ್ಟೆಯ ಚರ್ಮ ನನ್ನಲ್ಲೇ ಉಳಿಯಿತು.

"ಅವ್ವಾ, ಇದು ಉಳಿಯಂಗಿಲ್ಲ. ಕೊಂದುಬಿಡು."

ಹಿಂದೆ ಬಂದು ನಿಂತಿದ್ದ ನೀಲಗಂಗವ್ವ ಬೆಚ್ಚಿದಳು. "ಬಿಡ್ತು ಅನ್ನು! ಹೊಟ್ಟ್ಯಾಗ ಕೂಸೈತಿ. ತಿಪ್ಪಿಗೆ ಇಟ್ಟು ಬರ್ತೀನಿ ತಾ. ತಾನ ಹೋಕ್ಕೈತಿ."

"ಎಷ್ಟೊತ್ತಿಗೆ ಹೋಕ್ಕೈತಿ? ನಾಳಿಗೋ, ನಾಡ್ದೋ? ಕೊಲ್ಲಬಾರದು ಅಂತ ಹಿಂಗ ಇಡಬಹುದೇನವ್ವಾ?"

ನಿನ್ನೆಯ ಮೂರು ಇಲಿಗಳು ನೀಲಗಂಗವ್ವನಿಗೆ ನೆನಪಾಗಿರಬೇಕು, ತಿಪ್ಪೆಯ ಕಡೆ ಒಮ್ಮೆ ನೋಡಿದಳು. ಹಿತ್ತಲ ಬಾಗಿಲಿಗೆ ಆನಿಸಿದ್ದ ಕಲ್ಲನ್ನು ಎತ್ತಿಕೊಂಡಳು.

"ಒಳಗ ನಡಿ. ಕಿವಿ ಮುಚ್ಕೋ. ಪಾಪ ಬಂದ್ರ ನನಗ ಬರ್ಲಿ."

"ಒಲ್ಲೆ. ಹೇಳಿದಾಕಿ ನಾನು. ಇಲ್ಲೇ ಇರ್ತೀನಿ."

ಒಂದೇ ಏಟು. ನನ್ನ ಮೇಲಿನ ಎದೆಬಡಿತ ನಿಂತಿತು. ನನಗೆ ಗೊತ್ತಿರುವ ಕರುಣೆ ಅದೊಂದೇ. ನೀಲಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಗಳು ಅವಳ ಬೆನ್ನು ಸವರಿದಳು. ಪಾಪ ಯಾರ ಪಾಲಿಗೆ ಹೋಯಿತೋ ತಿಳಿಯದು. ಯಾರಿಗಾದರೂ ಕೊಡಲೇಬೇಕಾದರೆ ನನಗೆ ಕೊಡಲಿ, ಆ ಕೂಸಿಗೆ ಬೇಡ.

ನನ್ನನ್ನು ಹಿತ್ತಲ ಗೋಡೆಯ ಬುಡಕ್ಕೆ ಎಸೆದರು. ಸಂಜೆಗೆ ನೀಲಗಂಗವ್ವ ಗಾಜಿನ ಚೂರು, ಸಿಮೆಂಟು ಕಲಸಿಕೊಂಡು ಬಂದು ಹೊರಗಿನಿಂದ ಆ ಬಿಲವನ್ನು ಮುಚ್ಚಿದಳು. ಅರ್ಧ ತಾಸಿನ ಕೆಲಸ. ಗಂಜಿಯ ಪಾತ್ರೆಗೂ ಒಂದು ಭಾರದ ಮುಚ್ಚಳ ಬಂತು. ನಾನು ಹತ್ತು ಇಲಿ ಹಿಡಿದಿದ್ದರೂ ಆ ಬಿಲದಿಂದ ಹನ್ನೊಂದನೆಯದು ಬರುತ್ತಲೇ ಇರುತ್ತಿತ್ತು. ಇದನ್ನು ಮೊದಲೇ ಹೇಳೋಣವೆಂದರೆ ನನಗೆ ಬಾಯಿಲ್ಲ. ಒಳಗೆ ಮತ್ತೆ ಲಾಳಿಯ ಸದ್ದು ಕೇಳಿಸುತ್ತಿದೆ. ಸೀರೆ ಮುಗಿಯುತ್ತದೆ.

ನಾನು ಮಾತ್ರ ಇನ್ನೂ ಮುಗಿದಿಲ್ಲ. ಮೈಮೇಲಿನ ಶೇಂಗಾ ಎಣ್ಣೆಯ ವಾಸನೆಗೆ ಇರುವೆಗಳು ಸಾಲಾಗಿ ಬರುತ್ತಿವೆ. ಎಣ್ಣೆ ಬೀಳದ ಅಂಚಿನಲ್ಲಿ ಅಂಟು ಹಾಗೇ ಉಳಿದಿದೆ. ಒಂದು ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಬಂದ ಇನ್ನೊಂದೂ ಸಿಕ್ಕಿಕೊಂಡಿತು. ಅವು ನನಗೇನೂ ಮಾಡಿಲ್ಲ, ಯಾರ ಎಳೆಯನ್ನೂ ಕಡಿದಿಲ್ಲ. ಆಗಾಗ ಗಾಳಿ ಬೀಸಿ ಓಣಿಯ ಧೂಳು ಹಾರಿ ಬರುತ್ತದೆ, ಒಂದಿಷ್ಟು ನನ್ನ ಮೇಲೆ ಕೂರುತ್ತದೆ. ಇನ್ನೂ ಬರಲಿ. ಒಂದು ಇರುವೆಯೂ ಅಂಟದಷ್ಟು ಧೂಳು ನನ್ನನ್ನು ಮುಚ್ಚಲಿ.