ಆರುವ ಮುನ್ನ

ಅಸ್ಥಿ ಆಯುವಾಗ ತನ್ನ ಕೈ ನಡುಗಿಬಿಟ್ಟರೆ? ಚಿತಾಗಾರದ ಕಾಯುವ ಕೋಣೆಯಲ್ಲಿ ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದ ಚಿಹಾಯಾಳಿಗೆ ಅದೇ ಚಿಂತೆ. ಬೆಳಿಗ್ಗೆ ದಿನಚರಿಯಲ್ಲೂ ಅದನ್ನೇ ಬರೆದಿದ್ದಳು. ಬರೆಯಬೇಕಾದದ್ದು ಬೇರೆಯೇ ಇತ್ತು, ಬರೆಯಲಾಗಿರಲಿಲ್ಲ. ಕಿಟಕಿಯಾಚೆ ಸುವಾ ಸರೋವರ ಹೆಪ್ಪುಗಟ್ಟಿ ಬೆಳ್ಳಗೆ ಬಿದ್ದಿತ್ತು.

“ಏನಮ್ಮಾ, ನಾಲಿಗೆ ಸುಟ್ಟುಹೋಯ್ತು!” ಎಂದ ಸತ್ತ ಇನೋಮಾತಾರ ತಮ್ಮ ಯಾಸುಹೇ. “ನಮ್ಮಣ್ಣ ಆಗಿದ್ರೆ ಈ ಚಹಾನ ನಾಳೆ ಕುಡೀತಿದ್ದ.”

ಇನೋಮಾತಾರ ಹೆಂಡತಿ ಫುಸಾಎ ನಕ್ಕರು. ನಗುತ್ತಲೇ ಕರವಸ್ತ್ರ ತೆಗೆದರು. “ಸಾರು ಆರಬೇಕು, ಸ್ನಾನದ ನೀರು ಆರಬೇಕು. ಅಂಥೋರು ಆವತ್ತು ಆ ಯಂತ್ರದ ಬಾಗಿಲು ತೆಗೆಯೋಕೆ ಯಾಕೆ ಆತುರಪಟ್ರೋ. ಬೆಳಿಗ್ಗೆ ನಾನು ಜಗಳ ತೆಗೆದಿದ್ದೆ. ಅದೇ ತಲೇಲಿತ್ತೇನೋ.”

“ಮತ್ತೆ ಶುರು ಮಾಡಬೇಡಿ ಅತ್ತಿಗೆ.”

“ಇಲ್ಲಪ್ಪಾ. ನನ್ನಿಂದಲೇ ಆಗಿದ್ದು.”

ಚಿಹಾಯಾ ಮತ್ತೊಂದು ಲೋಟಕ್ಕೆ ಚಹಾ ಬಗ್ಗಿಸಿದಳು.

*

ಇನೋಮಾತಾ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಗಾಜಿಗೆ ತೆಳುಲೇಪನ ಹಾಕಿದವರು. ಮೂತ್ರಪಿಂಡದ ಕಲ್ಲು ಒಡೆಯುವ ಲೇಸರ್ ಬೆಳಕು ಆ ಗಾಜನ್ನು ದಾಟಿ ಹೋಗಬೇಕಿತ್ತು. ತಮ್ಮದೇ ಒಡಲಿಂದ ಬಿದ್ದ ಒಂದು ಕಲ್ಲನ್ನು ಸೀಸೆಯಲ್ಲಿ ಹಾಕಿ ಲೇಪನದ ಯಂತ್ರದ ಮೇಲಿಟ್ಟಿದ್ದರು. “ಇವನೇ ನಮ್ಮ ಮೇಸ್ತ್ರಿ. ಇವನೆದುರು ಕಳ್ಳಕೆಲಸ ನಡೆಯಲ್ಲ,” ಎನ್ನುತ್ತಿದ್ದರು.

ಲೇಪನ ಮುಗಿದ ಮೇಲೆ ಪೂರ್ತಿ ಒಂದು ದಿನ ಯಂತ್ರದ ಬಾಗಿಲು ತೆಗೆಯಬಾರದು. ಗಾಜು ತಾನಾಗಿ ಆರಬೇಕು. ಅವರು ಊಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಪ್ರಬಂಧದ ಗಡುವಿನ ದಿಗಿಲಲ್ಲಿ, ಅಲ್ಲಿನ ಸಂಶೋಧನಾ ವಿದ್ಯಾರ್ಥಿನಿ ಚಿಹಾಯಾ ಅದನ್ನು ತೆಗೆದಳು. ಗಾಜು ಕಣ್ಣಿಗೆ ಚೆನ್ನಾಗಿಯೇ ಇತ್ತು. ರೋಗಿಯ ತನಕ ಹೋಗುವ ಮೊದಲೇ, ಪರೀಕ್ಷೆಯಲ್ಲಿ, ಲೇಸರ್ ಬೆಳಕಿಗೆ ಸುಟ್ಟು ಬಿರಿಯಿತು. ಹನ್ನೆರಡು ವರ್ಷದ ಸಂಶೋಧನೆ ಅಲ್ಲಿಗೆ ನಿಂತಿತು.

“ಆರುವ ಮೊದಲೇ ತೆಗೆದೋರು ಯಾರು?” ಪ್ರೊಫೆಸರು ಕೇಳಿದರು.

“ನಾನೇ,” ಎಂದರು ಇನೋಮಾತಾ. ಹೊರಗೆ ಬಂದು ಅವಳಿಗೆ, “ನಂದು ಮುಗೀತಾ ಬಂತು. ನಿಂದು ಇನ್ನೂ ಶುರುವೇ ಆಗಿಲ್ಲ. ಸುಮ್ನಿರು ಹುಡುಗಿ.”

ಸುಮ್ಮನಿದ್ದಳು. ಅವರನ್ನು ಉಗ್ರಾಣಕ್ಕೆ ಹಾಕಿದರು. ನಾಲ್ಕು ತಿಂಗಳಿಗೆ ಅವರ ಎದೆಬಡಿತ ನಿಂತಿತು.

*

ಅಸ್ಥಿಯ ತಟ್ಟೆ ಚಿತೆಯ ಒಲೆಯಿಂದ ಹೊರಗೆ ಬಂತು.

“ಸ್ವಲ್ಪ ತಡೀರಿ, ಇನ್ನೂ ಬಿಸಿ ಇದೆ,” ಎಂದ ಚಿತಾಗಾರದವನು. ಎಲ್ಲರೂ ಸುತ್ತ ನಿಂತು ಕಾದರು. ಆಮೇಲೆ ಉದ್ದನೆಯ ಕಡ್ಡಿಗಳನ್ನು ಹಂಚಿದ. ಪದ್ಧತಿಯಂತೆ ಒಂದೊಂದು ಎಲುಬನ್ನೂ ಇಬ್ಬರು ಸೇರಿ ಎತ್ತಿ ಅಸ್ಥಿಯ ಕುಡಿಕೆಗೆ ಹಾಕಬೇಕು.

“ಬಾರಮ್ಮಾ, ನನ್ನ ಜೊತೆ ಹಿಡಿ,” ಎಂದರು ಫುಸಾಎ. “ಮನೇಲಿ ನಿನ್ನ ವಿಷಯ ದಿನಾ ಹೇಳೋರು.”

ಕಾಲಿನ ಒಂದು ತುಣುಕು ಇಬ್ಬರ ಕಡ್ಡಿಗಳ ನಡುವೆ ಮೇಲೆದ್ದಿತು. ಹಗುರವಾಗಿತ್ತು. ಕುಡಿಕೆಯ ಬಾಯಿ ಇನ್ನೂ ಒಂದು ಗೇಣು ದೂರ. ಚಿಹಾಯಾಳ ಕೈ ನಡುಗಲಿಲ್ಲ.

“ಆವತ್ತು ಬಾಗಿಲು ತೆಗೆದದ್ದು ಅವರಲ್ಲ. ನಾನು.”

ಫುಸಾಎಯವರ ಕಡ್ಡಿಗಳು ಗಾಳಿಯಲ್ಲೇ ನಿಂತವು. ನಡುವೆ ಎಲುಬಿತ್ತು, ಇಬ್ಬರೂ ಬಿಡುವಂತಿರಲಿಲ್ಲ.