ಕಣದ ಹೊಸ ಮೇಟಿ

ಚೆಂಡು ಮೇಲಕ್ಕೆ ಹೋಯಿತು, ಬೀಳಲೋ ಬೇಡವೋ ಎಂಬಂತೆ ಒಂದು ಗಳಿಗೆ ನಿಂತಿತು, ಅದರ ಹಿಂದೆಯೇ ಒಂದು ಕೈ, ಎಲ್ಲರ ಕೈಗಿಂತ ಗೇಣು ಮೇಲೆ ಒಂದು ಕೈ — ಶಿವನೇ, ಇದು ಕೈಯೋ ಸೊಪ್ಪು ಕೀಳುವ ದೋಟಿಯೋ, ರಾಗಿ ಒಕ್ಕುವ ರೋಣಗಲ್ಲಿನ ಮೇಲೆ ಕಾಲು ಚಾಚಿ ಕುಳಿತ ಷಣ್ಮುಖಪ್ಪನಿಗೆ ಹೊಟ್ಟೆಕಿಚ್ಚು, ಮತ್ತೇನಲ್ಲ, ತನಗೆ ತಾನೇ ಸುಳ್ಳು ಹೇಳಿಕೊಂಡು ಏನು ಮಾಡುವುದು — ಯಗಟಿಯಲ್ಲಿ ಕುರಿ ಕಾಯುತ್ತಿದ್ದ ಈರಭದ್ರಪ್ಪ, ಅಜ್ಜಂಪುರಕ್ಕೆ ಅಕ್ಕ ಹಾಲಮ್ಮನ ಮನೆಗೆ ಹಬ್ಬದೂಟಕ್ಕೆ ಬಂದವನು, ಬಾಗಿಲಲ್ಲಿ ತಲೆ ತಗ್ಗಿಸಿ ಹೊರಬರುವಾಗ ರಂಗಯ್ಯ ಮೇಷ್ಟ್ರ ಕಣ್ಣಿಗೆ ಬಿದ್ದ, ಬಿದ್ದದ್ದೇ ತಡ, ಮೇಷ್ಟ್ರು ಅವನನ್ನು ಈ ಕಣಕ್ಕೆ ಎಳೆದುಕೊಂಡು ಬಂದರು, ಮದ್ರಾಸಿನಲ್ಲಿ ಈ ಬ್ಯಾಸ್ಕೆಟ್‌ಬಾಲ್ ಕಲಿತು ಬಂದವರಲ್ಲವೇ, ಎತ್ತರ ಕಂಡರೆ ಬಿಡುವವರಲ್ಲ. ಕಣವೇನೋ ಷಣ್ಮುಖಪ್ಪನ ಅಜ್ಜನದೇ, ರಾಗಿ ಬಡಿಯುತ್ತಿದ್ದ ಜಾಗ, ಈಗ ಎರಡು ತುದಿಗೆ ಎರಡು ಕಂಬ, ಕಂಬಕ್ಕೆ ಕಮ್ಮಾರ ಬಡಿದುಕೊಟ್ಟ ಕಬ್ಬಿಣದ ಬಳೆ, ನಟ್ಟನಡುವೆ ಎತ್ತು ಕಟ್ಟಿ ಸುತ್ತಿಸುತ್ತಿದ್ದ ಮೇಟಿಕಂಬ ಕಿತ್ತ ಗುಂಡಿ ಮುಚ್ಚಿ ಅದರ ಮೇಲೆ ಸುಣ್ಣದ ವೃತ್ತ — ಬುಟ್ಟಿಗೆ ಚೆಂಡು ಬಿದ್ದಾಗಲೆಲ್ಲ ಮತ್ತೆ ಆ ವೃತ್ತಕ್ಕೇ ಬರಬೇಕು, ಎರಡೂ ಕಡೆಯ ಒಬ್ಬೊಬ್ಬ ಎಗರಿ ತನ್ನವರತ್ತ ಚೆಂಡು ತಟ್ಟಬೇಕು, ಅವನಿಗೆ ಮೇಷ್ಟ್ರು ಸೆಂಟರ್ ಎನ್ನುತ್ತಾರೆ, ಊರಿನವರು ಕಂಬ ನಿಂತಿದ್ದ ಜಾಗ ನೋಡಿ ಮೇಟಿ ಎಂದರು, ಷಣ್ಮುಖಪ್ಪ ಇಷ್ಟು ವರ್ಷ ಅಜ್ಜಂಪುರದ ಮೇಟಿ. ಮನೆಯಲ್ಲಿ ಅವನು ಅಪ್ಪನ ಮಗ, ತೆಂಗಿನ ತೋಟದಲ್ಲಿ ಅಣ್ಣನ ತಮ್ಮ, ಈ ವೃತ್ತದೊಳಗೆ ಮಾತ್ರ ಷಣ್ಮುಖಪ್ಪ. ಈಗ ನೋಡಿದರೆ ಮಂಡಿ ಕೈಕೊಟ್ಟಿದೆ, ಬೆಳಿಗ್ಗೆ ಹೆಂಡತಿ ಸುಲೋಚನಮ್ಮ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟುತ್ತಾ, ಮೀಸೆ ನರೀತಾ ಬಂತು, ಇನ್ನೂ ಬುಟ್ಟೀಗೆ ಚೆಂಡ್ ಹಾಕೋ ಹುಚ್ಚು ಬಿಡ್ಲಿಲ್ವಲ್ಲ ನಿಮ್ಗೆ, ಎಂದಳು, ಎಂದರೂ ಗಂಟು ಮಾತ್ರ ಬಿಗಿಯಾಗಿಯೇ ಹಾಕಿದಳು. ಭಾನುವಾರ ಕಡೂರಿನ ಮೇಲೆ ಆಟ, ಕಡೂರಿನ ಸೆಂಟರ್ ಆ ಮಲ್ಲಿಕಾರ್ಜುನ, ಒಂಟೆಯಂಥವನು, ಹೋದ ಸಲ ಸೋಲಿಸಿ ರೈಲು ಹೊರಡುವವರೆಗೂ ಪ್ಲಾಟ್‌ಫಾರಂ ಮೇಲೆ ನಿಂತು ನಕ್ಕವನು, ಆ ನಗು ಇನ್ನೂ ಕಿವಿಯಲ್ಲಿದೆ. ಮೇಷ್ಟ್ರು ಹೇಳಿದ್ದು ಇಷ್ಟೇ, ನೀನೇ ಕೂತ್ಕಂಡ್ ನೋಡಪ್ಪ ಷಣ್ಮುಖ, ಹುಡುಗನ ಗುಣ ಏನು, ಐಬು ಏನು, ಆಟ ಮುಗಿಯೋ ಹೊತ್ಗೆ ಹೇಳು, ಭಾನುವಾರ ನೀನೋ ಅವನೋ, ನೀನು ಅಂದಿದ್ದೇ ಆಗ್ಲಿ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಗುಣ ಇರಲಿ, ಮೊದಲು ಐಬು — ಅದೋ, ಚೆಂಡು ಕೈಗೆ ಬಂತು, ಎದುರು ಕಡೆಯಿಂದ ಊರಿನವನೇ ಆದ ತಮ್ಮಯ್ಯ, ಲೇ ಈರಭದ್ರ, ಇತ್ಲಾಗ್ ಕೊಡೋ, ಎಂದ, ಕೊಟ್ಟೇಬಿಟ್ಟ! ಎದುರಾಳಿಗೆ! ಕೇಳಿದ್ರಲ್ಲಾ ಅಣ್ಣ, ಅಂತ ಬೇರೆ ಹೇಳುತ್ತಾನೆ, ಷಣ್ಮುಖಪ್ಪನಿಗೆ ನಗು ತಡೆಯಲಾಗಲಿಲ್ಲ, ಕಡೂರಿನವರು ಕೇಳದೇ ಬಿಡುತ್ತಾರೆಯೇ, ಐಬು ಒಂದು, ಭೇಷ್ — ಮೇಷ್ಟ್ರು ಸೀಟಿ ಊದಿದರೆ ನಿಲ್ಲುವುದಿಲ್ಲ, ತಿರುಗಿ ಬೇಲಿಯತ್ತ ನೋಡುತ್ತಾನೆ, ಕುರಿ ಎತ್ತ ಹೋಯಿತೋ ಎಂದು — ಆದರೆ ಹಾಗೆ ನೋಡುವ ಕಣ್ಣು ಇದೆಯಲ್ಲ, ಬೆನ್ನ ಹಿಂದೆ ಯಾರು ನಿಂತಿದ್ದಾರೆ ಎಂಬುದು ತಿರುಗದೆಯೇ ಗೊತ್ತು ಅವನಿಗೆ, ಮಂದೆ ಕಾದವನಿಗೆ ನಾಲ್ಕು ಜನ ಯಾವ ಲೆಕ್ಕ, ಅದು ಗುಣ, ಛೆ, ಇರಲಿ, ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಮೇಷ್ಟ್ರು ಕೊಟ್ಟ ಕ್ಯಾನ್ವಾಸ್ ಜೋಡು ಕಣದ ಅಂಚಿನಲ್ಲೇ ಬಿಟ್ಟಿದ್ದಾನೆ, ರಾಶಿ ಮಾಡೋ ಜಾಗ ಸ್ವಾಮೀ, ಮೆಟ್ಟು ಹಾಕ್ಕಂಡ್ ಬರಕಾಯ್ತದಾ, ಎಂದನಂತೆ, ಅಜ್ಜ ಇದ್ದಿದ್ದರೆ ಅವನನ್ನೇ ಮೊಮ್ಮಗ ಅನ್ನುತ್ತಿದ್ದ, ಷಣ್ಮುಖಪ್ಪ ತನ್ನ ಜೋಡಿನ ಕಾಲನ್ನು ಮೆಲ್ಲಗೆ ರೋಣಗಲ್ಲಿನ ಹಿಂದಕ್ಕೆ ಸರಿಸಿದ — ಅದೋ ಅದೋ, ಮತ್ತೆ ಅದೇ! ನೂಕುನುಗ್ಗಲಿನಲ್ಲಿ ತಮ್ಮಯ್ಯನ ಪಾದಕ್ಕೆ ಇವನ ಕಾಲು ತಾಗಿತು, ಈರಭದ್ರಪ್ಪ ಚೆಂಡು ನೆಲಕ್ಕಿಟ್ಟ, ಬಗ್ಗಿದ, ತಮ್ಮಯ್ಯನ ಪಾದ ಮುಟ್ಟಿ ಬೆರಳು ಕಣ್ಣಿಗೊತ್ತಿಕೊಂಡ, ಅಷ್ಟರಲ್ಲಿ ತಮ್ಮಯ್ಯ ಚೆಂಡು ಎತ್ತಿಕೊಂಡು ಹೋಗಿ ಬುಟ್ಟಿಗೆ ಹಾಕಿ ಬಂದ. ನಿನ್ನೆಯೂ ಹೀಗೆಯೇ, ಮೊನ್ನೆಯೂ ಹೀಗೆಯೇ, ಮೇಷ್ಟ್ರು ತಲೆ ತಲೆ ಚಚ್ಚಿಕೊಂಡರು, ಆಟದಾಗೆ ತಾಗ್ತದೆ ಕಣೋ, ದೋಷ ಇಲ್ಲ! ತಾಗಿದ್ ಕಾಲು ನಂದಲ್ವಾ ಸ್ವಾಮೀ, ಎಂದ ಅವನು. ಇನ್ನೇನು ಬೇಕು, ಇದೊಂದೇ ಸಾಕು, ಕಡೂರಿನ ಮಲ್ಲಿಕಾರ್ಜುನ ಬೇಕೆಂದೇ ಕಾಲು ಕೊಡುತ್ತಾನೆ, ಇವನು ಸಂಜೆಯವರೆಗೂ ಕಣ್ಣಿಗೊತ್ತಿಕೊಳ್ಳುತ್ತಾ ಕೂರುತ್ತಾನೆ, ಮೇಷ್ಟ್ರೇ, ಹುಡುಗ ಬಂಗಾರ, ಆದರೆ ಈ ವರ್ಷ ಬೇಡಿ, ಮಾತು ನಾಲಿಗೆಯ ತುದಿಯಲ್ಲೇ ಇದೆ, ಬೆಲ್ಲದಷ್ಟು ಸಿಹಿಯಾಗಿದೆ.

ಆದರೂ ಒಂದು ಸಲ ತಾನೇ ಎದುರು ನಿಂತು ನೋಡದೆ ಹೇಳುವುದು ನ್ಯಾಯವಲ್ಲ, ಎಂದು ಎದ್ದ, ಜೋಡು ಬಿಟ್ಟೇ ಎದ್ದ, ಯಾಕೆ ಬಿಟ್ಟನೋ, ಬರಿಗಾಲಿಗೆ ಕಣದ ನೆಲ ಬೆಚ್ಚಗೆ ತಾಗಿತು, ಅಣ್ಣಾ ನಿಮ್ ಮಂಡಿ, ಎಂದ ಈರಭದ್ರಪ್ಪ, ಮಂಡಿ ನಂದು, ನೀನು ಆಟ ನೋಡ್ಕೊ — ಆಮೇಲೆ ಯಾವ ದೇವರು ಹೇಳಿಸಿತೋ, ಹತ್ತಿರ ಹೋಗಿ ಮೆಲ್ಲಗೆ ಹೇಳಿದ, ಲೇ, ನಿಂಗೆ ಕೈ ಎರಡಿದಾವಲ್ಲ, ಕಣ್ಣಿಗೊತ್ಕಳಾಕೆ ಒಂದು ಸಾಕು ಕಣೋ, ನಮಸ್ಕಾರಾನೂ ಬಿಡ್ಬೇಡ, ಚೆಂಡೂ ಬಿಡ್ಬೇಡ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ, ತನ್ನ ಕುತ್ತಿಗೆಗೆ ತಾನೇ ಹಗ್ಗ ಹೊಸೆದುಕೊಡುವ ಮೂರ್ಖ ಇನ್ನೊಬ್ಬನಿದ್ದಾನೆಯೇ, ಇರಲಿ, ಅವನಿಗೆ ತಿಳಿದಿರಲಾರದು — ಸೀಟಿ, ಷಣ್ಮುಖಪ್ಪ ಓಡಿದ, ಎಸೆದ, ಚೆಂಡು ಬಳೆಗೆ ಬಡಿದು ಹಿಂದಕ್ಕೆ ಬಂತು, ಇಬ್ಬರೂ ಎಗರಿದರು, ಮಂಡಿ ಕಟಕ್ಕೆಂದಿತು, ಎಂದರೂ ಎಗರಿದ, ಹಳೆಯ ದಿನಗಳ ಹಾಗೆ, ಬೆರಳ ತುದಿಗೆ ಚರ್ಮದ ಚೆಂಡು ತಾಗಿಯೇ ತಾಗಿತು, ಅದರ ಮೇಲೆ ಆ ಕೈ, ಕಿತ್ತುಕೊಂಡಿತು, ಇಳಿಯುವಾಗ ಷಣ್ಮುಖಪ್ಪ ಕೆಳಗೆ ಬಿದ್ದ, ಅವನ ಎಕ್ಕದ ಎಲೆಯ ಮಂಡಿಗೆ ಈರಭದ್ರಪ್ಪನ ಕಾಲು ತಾಗಿತು. ಬಗ್ಗಿದ. ಬಿಡ್ತಾನೆ ನೋಡು, ಈಗ ಚೆಂಡು ಬಿಡ್ತಾನೆ ನೋಡು, ತಮ್ಮಯ್ಯ ಹಾರಿದ, ಸಿಗಲಿಲ್ಲ, ಇನ್ನೊಬ್ಬ ಹಾರಿದ, ಸಿಗಲಿಲ್ಲ — ಬಗ್ಗಿದವನ ಎಡಗೈ ಚೆಂಡನ್ನು ಹಿಡಿದು ಅಷ್ಟೆತ್ತರದಲ್ಲಿ ನಿಂತೇ ಇದೆ, ಬಲಗೈ ಮಂಡಿಯನ್ನು ಮುಟ್ಟಿತು, ಎಲೆಯ ಮೇಲೆ, ಗಂಟಿನ ಮೇಲೆ, ಎಷ್ಟು ಹಗುರಾಗಿ ಮುಟ್ಟಿತು, ನೋವು ಗೊತ್ತಿದ್ದವನ ಹಾಗೆ.

ಸೀಟಿ ಕೂಗಿತು, ಮುಗಿಯಿತು, ಮೇಷ್ಟ್ರು ಬಂದು ಕೈ ಹಿಡಿದು ಎಬ್ಬಿಸುತ್ತಿದ್ದಾರೆ, ಏನಪ್ಪಾ ಷಣ್ಮುಖ, ಭಾನುವಾರ ಮೇಟಿ ಯಾರು — ಹೇಳಬೇಕಾದ್ದೆಲ್ಲ ಸಾಲಾಗಿ ಇತ್ತು, ಕೇಳಿದವರಿಗೆಲ್ಲ ಕೊಡುತ್ತಾನೆ, ಸೀಟಿಗೆ ಕುರಿ ಹುಡುಕುತ್ತಾನೆ, ಬಾಯಿ ತೆರೆದರೆ ಬಂದದ್ದು, ಅವ್ನೇ ಕಣ್ರೀ, ನಾನು ಚೆಂಡಿನ ಚೀಲ ಹೊತ್ಕಂಡ್ ಬತ್ತೀನಿ, ಎಂದು, ನಗು ಬಂತು, ಮಲ್ಲಿಕಾರ್ಜುನ ಕಾಲು ಕೊಡಲಿ, ಬೇಕಾದಷ್ಟು ಕೊಡಲಿ, ಎಂದು ಮುಂದೆ ಯೋಚಿಸಹೊರಟರೆ ಕಡೂರಿಲ್ಲ, ರೈಲಿಲ್ಲ, ಮಂಡಿಯ ನೋವೂ ಇಲ್ಲ, ಬರೀ ಅದೇ, ಮೇಲೆ ಒಂದು ಕೈ, ಚೆಂಡು ಅಲುಗದೆ, ಕೆಳಗೆ ಒಂದು ಕೈ, ಹರಳೆಣ್ಣೆ ಹತ್ತಿದ ಬೆರಳು, ಕಣ್ಣಿಗೆ.