ಅರಿಶಿನದ ಉಣ್ಣೆ

ಭೂಪತಿಯ ಪುಟ್ಟ ವಿಮಾನ ಏದುಸಿರು ಬಿಡುತ್ತಿತ್ತು. ಅದನ್ನು ನೋಡಬೇಕಾದ ಎಂಜಿನಿಯರ್ ವನಿತಾ. ಅವಳಿಗೋ, ಅವನ ಹೆಸರು ಕೇಳಿದರೇ ಮೈ ಉರಿಯುತ್ತಿತ್ತು.

ಉರಿಯದೆ ಇನ್ನೇನು? ಹೋದ ವಾರ ಅವಳ ಊರಾದ ಕಡಯಂಪಟ್ಟಿಯಾಚೆಯ ಒಣ ಕೆರೆಯಂಗಳಕ್ಕೆ ಒಂದು ವಿಮಾನ ಇಳಿದು, ಒಳಗಿದ್ದ ಗೆಳೆಯರಿಗೆ ಶೋಕಿ ತೋರಿಸಿ, ಮತ್ತೆ ಹಾರಿಹೋಗಿತ್ತು. ಬೆದರಿದ ಕುರಿಗಳ ಕಾಲಡಿ ಸಿಕ್ಕಿ ಅವಳ ಅವ್ವ ಮಾರಕ್ಕನ ಸೊಂಟ ಮುರಿಯಿತು. ನಂಬರ್ ಓದಿದವರಿಲ್ಲ. ಆ ಸುತ್ತಿನಲ್ಲಿ ವಿಮಾನವಿದ್ದ ಒಬ್ಬನೇ ಒಬ್ಬ, ಹಾರಾಟ ಕಲಿಸುವ ಶಾಲೆಯ ಒಡೆಯ ಭೂಪತಿ, "ಅವತ್ತು ನಮ್ಮ ವಿಮಾನ ಶೆಡ್ಡೇ ಬಿಟ್ಟಿಲ್ಲ" ಎಂದು ಪೊಲೀಸರ ಮುಂದೆ ಆಣೆ ಹಾಕಿದ. ಮಾರಕ್ಕ ಯಾರ ತಾಯಿ ಎಂಬುದೂ ಅವನಿಗೆ ಗೊತ್ತಿಲ್ಲ. ಕೆಲಸದವರ ಅವ್ವಂದಿರ ಸುದ್ದಿ ಅವನಿಗೇಕೆ? ವನಿತಾ ಹಲ್ಲು ಕಚ್ಚಿಕೊಂಡು ಆಸ್ಪತ್ರೆಯಿಂದ ಕೆಲಸಕ್ಕೆ ಮರಳಿದ್ದಳು.

ಪೂರ್ತಿ ಥ್ರಾಟಲ್ ಕೊಟ್ಟರೂ ಪ್ರೊಪೆಲ್ಲರ್ ಬೇಕಾದಷ್ಟು ತಿರುಗಲಿಲ್ಲ. ಕಿಡಿ ಸರಿ, ಪೆಟ್ರೋಲ್ ಸರಿ. ಎಂಜಿನ್ನಿಗೆ ಬಿಸಿಗಾಳಿ ಬಿಡುವ ಹಿಡಿ ಎಳೆದಳು. ಎಳೆದರೆ ವೇಗ ಇಳಿಯಬೇಕು, ಇಲ್ಲಿ ಏರಿತು! ಬಿಸಿಗಾಳಿ ಗಾಳಿಯ ಫಿಲ್ಟರಿನೊಳಗೆ ಹಾಯದೆ ಬೇರೆ ದಾರಿಯಲ್ಲಿ ಬರುತ್ತದೆ. ಅಂದರೆ ಫಿಲ್ಟರೇ ಕಟ್ಟಿಕೊಂಡಿದೆ.

ಎಂಜಿನ್ ನಿಲ್ಲಿಸಿ ವಿಮಾನದ ಮೂತಿಯ ಮುಚ್ಚಳ ಬಿಚ್ಚಿದಳು. ಫಿಲ್ಟರಿನ ತುಂಬ ಉಣ್ಣೆ. ಹಳದಿ ಉಣ್ಣೆ.

ಮರಿಯ ಮೊದಲ ಉಣ್ಣೆಗೆ ಅರಿಶಿನದ ನೀರು ಹಾಕಿ, ದೇವರ ಪಾಲೆಂದು ಬಂಡೆಯ ಮೇಲೆ ಒಣಗಿಸುವುದು ಅವರ ಮನೆಯ ಪದ್ಧತಿ. ಅವತ್ತು ಅವ್ವ ಕೆರೆಯಂಗಳದ ಬಂಡೆಯ ಮೇಲೆ ಅದನ್ನೇ ಹರಡುತ್ತಿದ್ದಳು. ವನಿತಾಳಿಗೆ ಅಳು ಬಂತು. ಹಿಂದೆಯೇ ಖುಷಿಯೂ ಬಂತು, ಕೆಟ್ಟ ಖುಷಿ.

ಫಿಲ್ಟರ್ ಹಾಗೇ ಹಾಕಿ 'ಹಾರಿ ಸಾರ್' ಎಂದುಬಿಡಲೇ? ಬೀಳಲಿ, ಅವನ ಸೊಂಟವೂ ಮುರಿಯಲಿ. ಒಂದು ಗಳಿಗೆ ನಿಜಕ್ಕೂ ಹಾಗನ್ನಿಸಿತು. ಆದರೆ ಬಿದ್ದವನನ್ನು ಕಂಡು ಜನ ಅಯ್ಯೋ ಪಾಪ ಅನ್ನುತ್ತಾರೆ. ಅಷ್ಟೂ ಅವನಿಗೆ ಸಿಗಬಾರದು. ಫೋಟೋ ತೆಗೆದುಕೊಂಡು ಕಾದಳು.

ಸರ್ಕಾರದಿಂದ ವಿಮಾನಗಳ ತಪಾಸಣೆಗೆ ಬಂದಿದ್ದ ಅಧಿಕಾರಿ ಶಿವರಾಮನೊಡನೆ ಬಂದ ಭೂಪತಿ ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳಿದ. "ಎನ್ನಮ್ಮಾ, ಏನ್ ಪ್ರಾಬ್ಲಮ್?"

"ಉಣ್ಣೆ ಸಾರ್. ವಿಮಾನ ಶೆಡ್ಡೇ ಬಿಟ್ಟಿಲ್ಲ ಅಂದ್ರಲ್ಲಾ, ಕುರಿಗೋಳೇ ಇಲ್ಲಿಗೆ ಬಂದಿದ್ವಾ?"

ಭೂಪತಿ ನಗಲು ನೋಡಿದ. "ಕುಪ್ಪೆ ಅದು, ಬರೀ ಕಸ, ಎಸೀಮ್ಮಾ" ಎಂದು ಕೈ ಚಾಚಿದ.

"ಮುಟ್ಟಬ್ಯಾಡಿ. ನಮ್ಮವ್ವಂದು ಇದು. ಆಸ್ಪತ್ರೇಲಿ ಬಿದ್ದವ್ಳೆ."

ಅವನ ಬಣ್ಣ ಇಳಿಯಿತು. "ಐಯೋ... ಬಂಡೆ ಹತ್ರ ನಿಂತಿದ್ಲಲ್ಲಾ ಆ ಮುದುಕಿ, ಅವ್ಳು ನಿಮ್ಮ..."

ಬಂಡೆಯ ಮಾತನ್ನು ವನಿತಾ ಎತ್ತೇ ಇರಲಿಲ್ಲ. ಶಿವರಾಮ ನಿಧಾನವಾಗಿ ಅವನತ್ತ ತಿರುಗಿದ.

"ಊಂ ಸಾರ್, ಅದೇ ಮುದುಕಿ," ಎಂದಳು ವನಿತಾ, ಉಣ್ಣೆಯನ್ನು ಎದೆಗೊತ್ತಿಕೊಂಡು. "ಪೊಲೀಸ್ನೋರ್ ಮುಂದೂ ಇಂಗೇ ಅನ್ನಿ."